ಗಂಜಿನ ತೂರವ್ವ

ಆ ವರ್ಷ ಆಷಾಢದಲ್ಲಿ ಗಡಿಗೆಪ್ಪ ಎರಡು ಭಾನುವಾರ ಏಣಿ ಹತ್ತಲಿಲ್ಲ. ಮೊದಲನೆಯ ಭಾನುವಾರ ಮೊಣಕಾಲು ನೋಯುತ್ತದೆ ಎಂಬ ನೆಪವಿತ್ತು. ಎರಡನೆಯ ಭಾನುವಾರ ಅದೂ ಇರಲಿಲ್ಲ. ಬೆಳಿಗ್ಗೆ ಎದ್ದು, ಗ್ರೀಸಿನ ಡಬ್ಬಿ, ನಟ್ಟು ಬಿಗಿಯುವ ಪಾನಾ, ಹಳೆಯ ಅರಿವೆ ತುಂಬಿದ ಚೀಲವನ್ನು ಗೂಟದಿಂದ ಇಳಿಸಿಕೊಂಡು ಬಾಗಿಲವರೆಗೆ ಬಂದ. ಅಲ್ಲೇ ಸ್ವಲ್ಪ ಹೊತ್ತು ನಿಂತ. ಚೀಲವನ್ನು ಮತ್ತೆ ಗೂಟಕ್ಕೆ ಹಾಕಿ ಮಲಗಿಬಿಟ್ಟ. ಹೆಂಡತಿ ಶರಣಮ್ಮ, ಒಂಬತ್ತು ವರ್ಷದಲ್ಲಿ ಮೊದಲ ಸಲ ಗಂಡ ಭಾನುವಾರ ಹಗಲು ಮಲಗಿದ್ದನ್ನು ಕಂಡು, ಬಾಗಿಲು ಮುಂದೆ ಮಾಡಿ, ಸದ್ದಾಗದ ಹಾಗೆ ಪಾತ್ರೆ ತೊಳೆದಳು.

ಬುಧವಾರ ಮಧ್ಯಾಹ್ನ ಗಾಳಿ ಜೋರಾಗಿ ಬೀಸಿತು. ರಾಯಚೂರಿನ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ ಮುಂದೆ, ಮೂರು ರಸ್ತೆ ಕೂಡುವಲ್ಲಿ ನಿಂತಿದ್ದ ಕಬ್ಬಿಣದ ಹೆಂಗಸಿನ ಕೈಯಿಂದ ಮೊರ ಕಳಚಿ ಕೆಳಗೆ ಬಿತ್ತು. ಜೋಳದ ಚೀಲ ಹೊತ್ತು ಅಡಿಯಲ್ಲೇ ಹೋಗುತ್ತಿದ್ದ ಬೂದೆಪ್ಪ ಎಂಬ ಹಮಾಲನ ಎಡಭುಜಕ್ಕೆ ಅದರ ಅಂಚು ಹೊಡೆಯಿತು. ಚೀಲ ಹರಿದು ಜೋಳ ರಸ್ತೆಯ ತುಂಬ ಚೆಲ್ಲಿತು. ಜನ ಓಡಿ ಬಂದು ಅವನನ್ನು ಟಾಂಗಾದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಮೇಲೆ ಕಬ್ಬಿಣದ ಕೈಗಳು ಮೊರವಿಲ್ಲದೆಯೂ ಏಳುತ್ತಲೇ ಇದ್ದವು, ಇಳಿಯುತ್ತಲೇ ಇದ್ದವು. ಕೊನೆಗೆ ಯಾರೋ ಹಗ್ಗ ಎಸೆದು ಕಟ್ಟಿ ನಿಲ್ಲಿಸಿದರು.

ಆಕೆ ಅಲ್ಲಿ ನಿಂತದ್ದು ಎಪ್ಪತ್ತೈದನೆಯ ಇಸವಿಯಲ್ಲಿ. ಗಡಿಗೆಪ್ಪ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದ. ಗಿರಣಿಗೆ ಹೊಸ ಯಂತ್ರ ಬಂದು, ಹಳೆಯ ಶಾಫ್ಟು, ಬೇರಿಂಗು, ಜರಡಿಯ ತಗಡುಗಳೆಲ್ಲ ಹಿತ್ತಲಲ್ಲಿ ರಾಶಿ ಬಿದ್ದಿದ್ದವು. ಗಿರಣಿಯ ಯಜಮಾನರಿಗೆ ತೀರಿಕೊಂಡ ತಮ್ಮ ತಾಯಿಯ ನೆನಪಿಗೆ ಗಂಜಿನ ಮುಂದೆ ಏನಾದರೂ ನಿಲ್ಲಿಸಬೇಕು ಅನ್ನಿಸಿತು. ಅವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಕನಕರಾಯನನ್ನು ಕರೆಸಿದರು. ಕನಕರಾಯ ದೇವದುರ್ಗದ ಕಡೆಯವನು, ಕುರಿ ಕಾಯುವವರ ಮನೆಯಿಂದ ಬಂದು ಹೈದರಾಬಾದಿನಲ್ಲಿ ಚಿತ್ರಕಲೆ ಕಲಿತವನು. ಆಗಿನ್ನೂ ಮೂವತ್ತು ದಾಟಿರಲಿಲ್ಲ. ಕಲ್ಲಿನ ಮೂರ್ತಿ ಬೇಡ, ಹಿತ್ತಲಲ್ಲಿ ಬಿದ್ದ ಗುಜರಿ ಕೊಡಿ ಸಾಕು ಎಂದು ಕೇಳಿದ. ಗುಜರಿಯ ಜೊತೆ ಫಿಟ್ಟರನನ್ನೂ ಕೇಳಿದ.

"ಗಾಳಿಗೆ ಆಡೂವಂಥದ್ದು ಮಾಡೂಣು, ಗಡಿಗೆಪ್ಪಣ್ಣ" ಎಂದ. "ನಮ್ಮ ರಾಯಚೂರಾಗ ನೀರಿಲ್ಲ, ನೆರಳಿಲ್ಲ. ಗಾಳಿ ಮಾತ್ರ ಬೇಕಾದಷ್ಟದ."

"ಗಾಳಿ ಬಂದ್ರ ನಮ್ಮೂರಾಗ ರಾಶಿ ತೂರ್ತಾರ್ರಿ ಮಾಸ್ತರ್ರ" ಎಂದ ಗಡಿಗೆಪ್ಪ. "ಮತ್ತೇನು ಮಾಡ್ತಾರ?"

ಅವನಿಗೆ ಅದೊಂದು ಸಾಮಾನ್ಯ ಮಾತು. ಕನಕರಾಯ ಮಾತ್ರ ಮಾರನೆಯ ದಿನವೇ ಬಸ್ಸು ಹತ್ತಿಸಿದ. ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಗಡಿಗೆಪ್ಪನ ಅಕ್ಕ ಹಂಪಮ್ಮನ ಕಣದಲ್ಲಿ ಆಗ ಜೋಳದ ರಾಶಿ ನಡೆದಿತ್ತು. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಹಂಪಮ್ಮ ತೂರುತ್ತಿದ್ದಳು. ಕನಕರಾಯ ಹೊತ್ತು ಮುಳುಗುವವರೆಗೆ ಚಿತ್ರ ಬರೆದ. ಗಡಿಗೆಪ್ಪ ಚಿತ್ರ ನೋಡಲಿಲ್ಲ. ಅಕ್ಕನ ಮೊಣಕೈಯನ್ನೇ ನೋಡುತ್ತ ಕುಳಿತ. ಎತ್ತುವಾಗ ಮಾತ್ರ ಶಕ್ತಿ ಬೇಕು, ಇಳಿಸುವಾಗ ಮೊರದ ಭಾರಕ್ಕೇ ಕೈ ಇಳಿಯುತ್ತದೆ ಎಂಬುದು ಅವನಿಗೆ ಅವತ್ತು ತಿಳಿಯಿತು. ಮೂವತ್ತು ವರ್ಷ ಅದನ್ನೇ ನೋಡುತ್ತ ಬೆಳೆದಿದ್ದರೂ ಗೊತ್ತಾಗಿರಲಿಲ್ಲ.

ನಾಲ್ಕು ತಿಂಗಳು ಇಬ್ಬರೂ ಗಿರಣಿಯ ಹಿತ್ತಲಲ್ಲಿ ಕೆಲಸ ಮಾಡಿದರು. ಎರಡಾಳು ಎತ್ತರದ ಹೆಂಗಸು, ಕಲ್ಲಿನ ಕಟ್ಟೆಯ ಮೇಲೆ. ಸೀರೆಯ ನಿರಿಗೆಗೆ ಜರಡಿಯ ತಗಡು. ಬೆನ್ನ ಹಿಂದೆ ಎಂಟು ರೆಕ್ಕೆಯ ಚಕ್ರ. ಗಾಳಿಗೆ ಚಕ್ರ ತಿರುಗಿದರೆ ಒಳಗಿನ ಸಲಾಕೆಯೊಂದು ತೋಳುಗಳನ್ನು ಮೇಲೆತ್ತುತ್ತಿತ್ತು. ತೋಳು ತುದಿ ಮುಟ್ಟಿದಾಗ ಮೊರ ಮುಂದಕ್ಕೆ ವಾಲಿ, ಅದರ ಅಂಚಿಗೆ ಕಟ್ಟಿದ ಸಣ್ಣ ಸರಪಳಿಗಳಲ್ಲಿ ಹಿತ್ತಾಳೆಯ ಬಿಲ್ಲೆಗಳು ಕಾಳು ಸುರಿದಂತೆ ಹೊಳೆಯುತ್ತಿದ್ದವು. ಆಮೇಲೆ ಭಾರಕ್ಕೆ ತೋಳು ಇಳಿಯುತ್ತಿತ್ತು. ಜನ ಎತ್ತಿನ ಗಾಡಿ ನಿಲ್ಲಿಸಿ ನೋಡಿದರು. ಮಾರುಕಟ್ಟೆಗೆ ಬಂದ ಹೆಂಗಸರು ಅವಳಿಗೆ ತೂರವ್ವ ಎಂದು ಹೆಸರಿಟ್ಟರು. ಉದ್ಘಾಟನೆಯ ದಿನ ಕನಕರಾಯನ ಕೊರಳಿಗೆ ಹಾರ ಬಿತ್ತು. ಗಡಿಗೆಪ್ಪ ಜನರ ಹಿಂದೆ ನಿಂತು, ಎಡತೋಳಿನ ಬೇರಿಂಗು ಸ್ವಲ್ಪ ಬಿಗಿಯಾಗಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದ.

ಮೂರನೆಯ ತಿಂಗಳಿಗೆ ತೂರವ್ವ ಆಡದೆ ನಿಂತಳು. ಹತ್ತಿ ಗಿರಣಿಗಳ ನುಣ್ಣನೆಯ ಎಳೆ, ರಸ್ತೆಯ ಧೂಳು, ಜೋಳದ ಹೊಟ್ಟು ಎಲ್ಲ ಬೇರಿಂಗಿನ ಒಳಗೆ ಹೊಕ್ಕು ಗ್ರೀಸು ಮಣ್ಣಿನಂತಾಗಿತ್ತು. ಗಡಿಗೆಪ್ಪ ಏಣಿ ತಂದು ಹತ್ತಿ ಸ್ವಚ್ಛ ಮಾಡಿದ. ಮುಂದಿನ ಭಾನುವಾರ ಸುಮ್ಮನೆ ನೋಡಿ ಬರಲೆಂದು ಹೋದವನು ಮತ್ತೆ ಹತ್ತಿದ. ಹಾಗೆ ಅದೊಂದು ರೂಢಿಯಾಯಿತು. ಯಾರೂ ಅವನಿಗೆ ಹೇಳಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಎಪ್ಪತ್ತೇಳರಲ್ಲಿ ಕನಕರಾಯನಿಗೆ ದೇವದುರ್ಗಕ್ಕೆ ವರ್ಗವಾಯಿತು. ಹೋಗುವಾಗ "ಬರ್ತಿರ್ತೀನಿ, ಅಣ್ಣಾ" ಎಂದಿದ್ದ. ಬರಲಿಲ್ಲ.

ವರ್ಷಗಳು ಹೋದಂತೆ ಗಡಿಗೆಪ್ಪ ಸವೆದ ಬೇರಿಂಗು ಬದಲಿಸಿದ, ಬಾಗಿದ ಸಲಾಕೆ ಬದಲಿಸಿದ, ಮೊರಕ್ಕೆ ತೆಳುವಾದ ತಗಡು ಹಾಕಿದ. ನೆಂಟರ ಮದುವೆ ಭಾನುವಾರ ಬಿದ್ದರೆ ಬೆಳಿಗ್ಗೆ ಬೇಗ ಎದ್ದು ಕೆಲಸ ಮುಗಿಸಿ ಬಸ್ಸು ಹಿಡಿಯುತ್ತಿದ್ದ. ಜನ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದರ ಬಗ್ಗೆ ಅವನಿಗೆ ಸಿಟ್ಟಿರಲಿಲ್ಲ. ದಿನಾ ಕಾಣುವುದನ್ನು ಯಾರು ತಲೆಯೆತ್ತಿ ನೋಡುತ್ತಾರೆ? ಬೇಸರ ಯಾವಾಗ ಶುರುವಾಯಿತು ಎಂಬುದು ಅವನಿಗೂ ಗೊತ್ತಿಲ್ಲ. ಒಂದು ದಿನ ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತಾಗ, ಇನ್ನೂ ಎಷ್ಟು ಭಾನುವಾರ ಎಂದು ಯೋಚನೆ ಬಂತು. ಬಂದ ಮೇಲೆ ಅದು ಹೋಗಲಿಲ್ಲ.

ಮೊರ ಬಿದ್ದ ಸಂಜೆ ಗಡಿಗೆಪ್ಪ ದವಾಖಾನೆಗೆ ಹೋದ. ಬೂದೆಪ್ಪ ವರಾಂಡದಲ್ಲಿ ಚಾಪೆಯ ಮೇಲೆ ಒರಗಿದ್ದ. ಮೂವತ್ತರ ಗಟ್ಟಿ ಆಳು, ಭುಜದಿಂದ ಎದೆಯವರೆಗೆ ಪಟ್ಟಿ ಸುತ್ತಿದ್ದರು. ಹೆಂಡತಿ ದುರುಗಮ್ಮ ಪಕ್ಕದಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಯಾರ್ರಿ ನೀವು?" ಎಂದು ಬೂದೆಪ್ಪ ಕೇಳಿದ.

"ಗಡಿಗೆಪ್ಪ ಅಂತ. ಗಿರಣ್ಯಾಗ ಫಿಟ್ಟರ್ ಇದ್ದೀನಿ. ನಿನ್ನ ಮ್ಯಾಲ ಬಿತ್ತಲ್ಲ, ಆ ಮೊರ ನಾ ಮಾಡಿದ್ದು."

"ಅದು ಸರಕಾರದ್ದಲ್ಲೇನ್ರಿ?"

"ಪ್ರತಿ ಐತಾರ ನಾನ ಹತ್ತಿ ನಟ್ಟು ಬಿಗಿ ಮಾಡ್ತಿದ್ದೆ. ಎರಡು ಐತಾರ ಹೋಗಲಿಲ್ಲ. ಅದಕ್ಕ ಬಿತ್ತು."

"ಮೈಯಾಗ ಆರಾಮ ಇದ್ದಿಲ್ಲೇನು?"

ಹೌದು ಎಂದುಬಿಡಬಹುದಿತ್ತು. ಗಡಿಗೆಪ್ಪ ಕಂಬಕ್ಕೆ ಕೈ ಕೊಟ್ಟು ನಿಂತ. "ಆರಾಮಿದ್ದೆ. ಬ್ಯಾಸರಾಗಿತ್ತು" ಎಂದ.

ಬೂದೆಪ್ಪ ಅವನ ಮುಖ ನೋಡಿದ. "ನಿಮಗ ಹತ್ತು ಅಂತ ಹೇಳಿದವ್ರು ಯಾರ್ರಿ ಯಪ್ಪಾ?"

"ಯಾರೂ ಹೇಳಿಲ್ಲ."

"ಯಾರೂ ಹೇಳಿಲ್ಲ ಅಂದ್ರ ನಿಮ್ಮದೇನು ತಪ್ಪದ? ಮನಿಗೆ ಹೋಗ್ರಿ. ಊಟ ಮಾಡಿ ಮಕ್ಕೋರಿ."

ದುರುಗಮ್ಮ ಗಾಳಿ ಹಾಕುವುದನ್ನು ನಿಲ್ಲಿಸಿದಳು. "ಅವರ ಬಂದು ತಪ್ಪು ನಂದು ಅನ್ನಾಕತ್ತಾರ, ನೀ ಯಾಕ ಅಲ್ಲ ಅಂತಿ?" ಎಂದು ಗಂಡನಿಗೆ ಹೇಳಿ, ಗಡಿಗೆಪ್ಪನ ಕಡೆ ತಿರುಗಿದಳು. "ಎಲುಬು ಒಡದದಂತ. ಇನ್ನ ಮುಂದ ಚೀಲ ಹೊರಾಕ ಆಗಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ನಮ್ಮ ಮನಿ ನಿಂತಿದ್ದು ಈ ಭುಜದ ಮ್ಯಾಲ ಐತ್ರಿ. ನಿಮಗ ಬ್ಯಾಸರಾದ್ರ ಯಾರಿಗರ ಹೇಳಬೇಕಿತ್ತು. ಒಂದು ಹಗ್ಗ ಕಟ್ಟಬೇಕಿತ್ತು."

ಗಡಿಗೆಪ್ಪನಿಗೆ ಅವಳ ಮಾತೇ ಸಮಾಧಾನ ಅನ್ನಿಸಿತು. ಆ ಒಂಬತ್ತು ವರ್ಷ ತಾನು ಮಾಡಿದ್ದು ಕೆಲಸವೇ ಆಗಿತ್ತು ಎಂದು ಒಪ್ಪಿದ ಮೊದಲನೆಯವಳು ಅವಳೇ. "ಹೌದವ್ವಾ, ಕಟ್ಟಬೇಕಿತ್ತು" ಎಂದ.

ದವಾಖಾನೆಯಿಂದ ನೆಟ್ಟಗೆ ಗಿರಣಿಯ ಯಜಮಾನರ ಮನೆಗೆ ಹೋದ. ಇಪ್ಪತ್ತೆರಡು ವರ್ಷ ಅವರಲ್ಲಿ ದುಡಿದರೂ ತನಗಾಗಿ ಏನೂ ಕೇಳಿದವನಲ್ಲ. ಗಂಜಿನಲ್ಲಿದ್ದ ಅವರ ಅಂಗಡಿಯ ಕಾಟಾದ ಹತ್ತಿರ ಕುಳಿತು ಚೀಲ ತೂಗುವ ಕೆಲಸ ಬೂದೆಪ್ಪನಿಗೆ ಕೊಡಬೇಕು ಎಂದ. ಯಜಮಾನರು ನೋಡೋಣ ಎಂದರು. "ನೋಡೋಣ ಅನಬ್ಯಾಡ್ರಿ" ಎಂದು ಬಾಗಿಲಲ್ಲೇ ನಿಂತ. ಒಪ್ಪಿಕೊಂಡ ಮೇಲೆಯೇ ಅಲ್ಲಿಂದ ಹೊರಟ.

ಎರಡು ದಿನ ಬಿಟ್ಟು ಮುನ್ಸಿಪಾಲ್ಟಿಯ ಓವರ್‌ಸಿಯರ್ ಮೂಕಪ್ಪ ಗಿರಣಿಗೆ ಬಂದರು. ಬೊಜ್ಜಿನ ಮನುಷ್ಯ, ಸೈಕಲ್ ತುಳಿದು ಏದುಸಿರು ಬಿಡುತ್ತಿದ್ದರು. ನೀರು ಕುಡಿದು ಹೇಳಿದರು:

"ಮ್ಯಾಲಿಂದ ಹುಕುಂ ಬಂದದ, ಗಡಿಗೆಪ್ಪ. ಎರಡ ದಾರಿ. ಕಡದು ಗುಜರಿಗೆ ಹಾಕೂದು, ಇಲ್ಲಾ ಅಲುಗಾಡಲಾರದಂಗ ವೆಲ್ಡಿಂಗ್ ಹೊಡದು ನಿಲ್ಲಸೂದು. ಕಡಿಯಾಕ ನನಗ ಮನಸಿಲ್ಲ. ಆದ್ರ ಅದರ ಒಳಗ ಏನದ, ಎಲ್ಲಿ ಹಿಡದ್ರ ನಿಲ್ತದ ಅಂತ ನಿಮ್ಮ ಬಿಟ್ರ ಯಾರಿಗೂ ಗೊತ್ತಿಲ್ಲ. ಮಂಗಳವಾರದೊಳಗ ಮಾಡಿಕೊಡ್ರಿ."

"ನಾನ ಮಾಡಬೇಕೇನ್ರಿ?"

"ಬ್ಯಾರೆ ಯಾರು ಮಾಡಿದ್ರೂ ಕೆಡಸ್ತಾರ."

ಆ ಮಾತು ಕೇಳಿದಾಗ ಗಡಿಗೆಪ್ಪನಿಗೆ ಮೊದಲು ಆದದ್ದು ಹಗುರ. ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡ ಹಾಗೆ. ಇನ್ನು ಏಣಿ ಇಲ್ಲ, ಗ್ರೀಸು ಇಲ್ಲ. ಅದರ ಹಿಂದೆಯೇ ನಾಚಿಕೆಯಾಯಿತು. "ಮಾಸ್ತರ್ರನ್ನ ಒಂದು ಮಾತು ಕೇಳಬೇಕು" ಎಂದು ಶರಣಮ್ಮನಿಗೆ ಹೇಳಿ, ಭಾನುವಾರ ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದ. ಕಲ್ಮಲ ದಾಟುವವರೆಗೆ ನಿಂತೇ ಹೋದ. ಆಮೇಲೆ ಸೀಟು ಸಿಕ್ಕಿತು. ಎದುರಿನಿಂದ ಬರುವ ಬಸ್ಸುಗಳ ಮೇಲೆ ದುಡಿಯಲು ಹೊರಟವರ ಗಂಟು, ಪಾತ್ರೆ, ಚಾಪೆಗಳು ಕಾಣುತ್ತಿದ್ದವು.

ಕನಕರಾಯ ರಜೆಯ ದಿನವೂ ಶಾಲೆಯಲ್ಲಿದ್ದ. ಹೆಡ್‌ಮಾಸ್ತರರು ಹೇಳಿದ್ದರೆಂದು, ವರಾಂಡದಲ್ಲಿ ಬೋರ್ಡುಗಳನ್ನು ಸಾಲಾಗಿ ಒರಗಿಸಿ ಕರಿ ಬಣ್ಣ ಬಳಿಯುತ್ತಿದ್ದ. ನಲವತ್ತು ಮುಟ್ಟುವ ಮೊದಲೇ ಕೂದಲು ನರೆತು, ಹೆಗಲು ಬಗ್ಗಿತ್ತು. ಗಡಿಗೆಪ್ಪನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ಗಡಿಗೆಪ್ಪ ಮೊರ ಬಿದ್ದದ್ದು, ಬೂದೆಪ್ಪನ ಭುಜ, ಮೂಕಪ್ಪನ ಹುಕುಂ ಎಲ್ಲ ಹೇಳಿದ. ಕನಕರಾಯ ಬ್ರಷ್ಷು ಹಿಡಿದೇ ಕೇಳುತ್ತಿದ್ದ. ಕೊನೆಗೆ, "ಅಂದ್ರ, ಅದು ಇನ್ನೂ ಆಡಾಕತ್ತಿತ್ತೇನು?" ಎಂದ.

"ಹೋದ ಬುಧವಾರದ ತನಕ ಆಡೇದ್ರಿ."

"ನಾ ರಾಯಚೂರು ಬಿಟ್ಟ ವರ್ಷನ ನಿಂತಿರ್ತದ ಅಂತ ತಿಳಕೊಂಡಿದ್ದೆ." ಕನಕರಾಯ ಬ್ರಷ್ಷನ್ನು ಡಬ್ಬಿಯ ಮೇಲೆ ಇಟ್ಟ. "ರಾಯಚೂರಿಗೆ ಎಷ್ಟು ಸಲ ಬಂದೀನಿ ಗೊತ್ತೇನು? ಗಂಜಿನ ಕಡಿ ಬರ್ತಿದ್ದಿಲ್ಲ. ತುಕ್ಕು ಹಿಡದು ನಿಂತದ್ದನ್ನ ನೋಡಬಾರದು ಅಂತ ಸುತ್ತು ಹಾಕಿ ಸ್ಟೇಷನ್ನಿಗೆ ಹೋಗ್ತಿದ್ದೆ. ಅದು ನಿಂತೇ ಹೋಯ್ತು ಅಂತ ತಿಳಕೊಂಡ ಮ್ಯಾಲ ಬ್ಯಾರೇದ್ದು ಮಾಡಾಕ ಮನಸೇ ಆಗಲಿಲ್ಲ. ಒಂದು ಕಾರ್ಡು ಬರೀಬಾರದಿತ್ತೇನು, ಅಣ್ಣಾ?"

"ಏನಂತ ಬರೀಲ್ರಿ? ಗ್ರೀಸ್ ಹಚ್ಚಿದೆ ಅಂತ ಬರೀಲೇನು?"

ಬಿಸಿಲಿಗೆ ಬೋರ್ಡಿನ ಬಣ್ಣ ಒಣಗುವ ವಾಸನೆ ಬರುತ್ತಿತ್ತು. ಗಡಿಗೆಪ್ಪ ತಾನು ಬಂದ ಕಾರಣ ಹೇಳಿದ: "ನಿಲ್ಲಸೂದಾದ್ರ ಹೆಂಗ ನಿಲ್ಲಸಲಿ? ಕೈ ಎತ್ತಿದಾಗ ನಿಲ್ಲಸಲೋ, ಇಳಿಸಿದಾಗಲೋ? ಅದನ್ನ ನೀವು ಹೇಳಬೇಕು."

"ನಾನು ಬಂದು ನೋಡ್ತೀನಿ" ಎಂದ ಕನಕರಾಯ.

ಮಂಗಳವಾರ ಮೊದಲ ಬಸ್ಸಿಗೆ ಬಂದ. ಗಡಿಗೆಪ್ಪ ಅಷ್ಟರಲ್ಲಿ ಬಿದ್ದ ಮೊರವನ್ನು ತಟ್ಟಿ ನೇರ ಮಾಡಿ ಮತ್ತೆ ಕೂರಿಸಿದ್ದ. ಎರಡೂ ಕಡೆ ಜನ ಬರದಂತೆ ಹಗ್ಗ ಕಟ್ಟಿಸಿದ್ದ. ವೆಲ್ಡಿಂಗ್ ಯಂತ್ರದ ತಳ್ಳುಗಾಡಿ ಪಕ್ಕದಲ್ಲಿತ್ತು. "ಶುರು ಮಾಡೂಣೇನು?" ಎಂದು ಮೂಕಪ್ಪ ಕೇಳಿದರು. "ಒಂದು ಸ್ವಲ್ಪ ತಡೀರಿ" ಎಂದು ಗಡಿಗೆಪ್ಪ ಮೇಲೆ ಹತ್ತಿ, ಕೈಗಳಿಗೆ ಬಿಗಿದಿದ್ದ ಹಗ್ಗ ಬಿಚ್ಚಿ ಇಳಿದ.

ಗಾಳಿ ಪಡುವಣದಿಂದ ಬರುತ್ತಿತ್ತು. ಚಕ್ರ ಮೊದಲು ಹಿಂದೆ ಮುಂದೆ ತೂಗಿ, ಆಮೇಲೆ ತಿರುಗಿತು. ತೋಳು ಎದ್ದವು. ಮೊರ ವಾಲಿತು, ಬಿಲ್ಲೆಗಳು ಸುರಿದವು. ಕನಕರಾಯ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು ನೋಡಿದ. ಹಗ್ಗದ ಆಚೆ ನಾಲ್ಕಾರು ಹಮಾಲರು ಚೀಲ ಇಳಿಸಿ ನಿಂತರು. ಮೂಕಪ್ಪ ಎರಡು ಸಲ ಗಡಿಯಾರ ನೋಡಿಕೊಂಡರು. ಅರ್ಧ ಗಂಟೆ ಹಾಗೇ ಕಳೆಯಿತು.

"ನಾ ಮಾಡಿದಾಗ ಇಷ್ಟು ಚೆಂದ ಆಡ್ತಿದ್ದಿಲ್ಲ" ಎಂದ ಕನಕರಾಯ. "ಮೊರ ಈಗ ನಿಧಾನ ವಾಲ್ತದ. ಏನು ಮಾಡೀದಿ?"

"ತಗಡು ತೆಳ್ಳಗ ಮಾಡೀನಿ. ಹಿಂದ ಒಂದು ತೂಕ ಕಟ್ಟೀನಿ."

"ಹಂಗಾರ ಇದು ನಿಂದು. ಹೆಂಗ ನಿಲ್ಲಸಬೇಕು ನೀನ ಹೇಳು."

ಗಡಿಗೆಪ್ಪನಿಗೆ ಸಿಟ್ಟು ಬಂತು. ಬಹಳ ವರ್ಷದ ಮೇಲೆ ಬಂದ ಸಿಟ್ಟು. "ಇದನ್ನೂ ನನ್ನ ಮ್ಯಾಲ ಹಾಕ್ತೀರೇನ್ರಿ, ಮಾಸ್ತರ್ರ? ಅಷ್ಟು ದೂರ ನಿಮ್ಮ ಊರಿಗೆ ಬಂದು ಕೇಳಿದ್ದು ಯಾಕ? ಒಂದು ಮಾತು ನೀವು ಹೇಳಲಿ ಅಂತ."

ಕನಕರಾಯ ತಲೆ ತಗ್ಗಿಸಿದ. "ಚಿತ್ರದಾಗ ನಾ ಕೈ ಮ್ಯಾಲ ಎತ್ತಿದ್ದು ಬರದಿದ್ದೆ. ಹಂಗ ಇಡು. ದೂರದಿಂದ ನೋಡಾಕ ಚೆಂದ ಕಾಣ್ತದ" ಎಂದ.

ಗಡಿಗೆಪ್ಪ ಏಣಿ ಹತ್ತಿದ. ಮೊಣಕಾಲು ಪ್ರತಿ ಮೆಟ್ಟಿಲಿಗೂ ಚುಚ್ಚುತ್ತಿತ್ತು. ಮೇಲೆ ಹೋಗಿ ಚಕ್ರಕ್ಕೆ ಹೆಗಲು ಕೊಟ್ಟು ನಿಂತ. ತೋಳುಗಳು ಅವನ ಮುಖದ ಪಕ್ಕದಲ್ಲೇ ಎದ್ದವು. ಅವುಗಳನ್ನು ಅಲ್ಲೇ ಹಿಡಿದು ಬೆಣೆ ಹೊಡೆದರೆ ಮುಗಿಯುತ್ತಿತ್ತು. ಹಿಡಿದೂ ನೋಡಿದ. ಮೊರದ ಭಾರವೆಲ್ಲ ಅವಳ ಹೆಗಲಿನ ಕೀಲಿಗೆ ಬಂದು ನಿಂತದ್ದು ಕೈಗೆ ತಿಳಿಯಿತು. ಇನ್ನು ಹಗಲೂ ರಾತ್ರಿ, ಬೇಸಗೆ ಮಳೆಗಾಲ, ಆ ಭಾರ ಅಲ್ಲೇ ನಿಲ್ಲುತ್ತದೆ. ಅವನು ಕೈ ಬಿಟ್ಟ. ತೋಳುಗಳು ಇಳಿದು, ಮೊರ ಅವಳ ಹೊಟ್ಟೆಯ ಹತ್ತಿರ ಬಂತು. ಅಲ್ಲಿ ಬೆಣೆ ಹೊಡೆದ.

"ಅಣ್ಣಾ, ಮ್ಯಾಲ ಅಂದೆ!" ಎಂದು ಕನಕರಾಯ ಕೆಳಗಿನಿಂದ ಕೂಗಿದ.

"ಬ್ಯಾಡ್ರಿ" ಎಂದ ಗಡಿಗೆಪ್ಪ. "ಎತ್ತಿ ಹಿಡಕೊಂಡು ಯಾರು ನಿಲ್ತಾರ? ಇಳಸ್ತೀನಿ. ಸಾಕು."

ಗಡಿಗೆಪ್ಪ ಮುಖಕ್ಕೆ ಕರಿ ಗಾಜು ಹಿಡಿದು ವೆಲ್ಡಿಂಗ್ ಶುರು ಮಾಡಿದ. ಹೆಗಲು ಎರಡು, ಮೊಣಕೈ ಎರಡು, ಮೊರದ ಕೀಲು. ಕೆಳಗಿನ ಜನ ಕಿಡಿಗೆ ಹೆದರಿ ಹಿಂದೆ ಸರಿದರು. ಕೊನೆಗೆ, ಗಾಳಿಗೆ ಸುಮ್ಮನೆ ಎಳೆದಾಡುವುದು ಬೇಡವೆಂದು ಬೆನ್ನ ಹಿಂದಿನ ಚಕ್ರವನ್ನು ಬಿಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ಅದನ್ನು ಕೆಳಗೆ ನಿಂತು ಎರಡೂ ಕೈ ಚಾಚಿ ಹಿಡಿದುಕೊಂಡವನು ಕನಕರಾಯ. ಅವನ ಬಿಳಿ ಅಂಗಿಗೆಲ್ಲ ಗ್ರೀಸು ಬಳಿದುಕೊಂಡಿತು.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಚಹಾ ಕುಡಿದರು. "ನೀ ಇಳಸಿದ್ದು ಸರಿ ಅನಸ್ತದ" ಎಂದ ಕನಕರಾಯ. ಆಮೇಲೆ, "ನನಗ ಅದು ಹೊಳೀಲಿಲ್ಲ" ಎಂದ. ಬಸ್ಸು ಬಂತು, ಹತ್ತಿ ಹೋದ. ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಮರುವರ್ಷ ಕನಕರಾಯ ಶಾಲೆಯ ಹಿತ್ತಲಲ್ಲಿ ಸೈಕಲ್ ಕಡ್ಡಿ ಮತ್ತು ಡಬ್ಬಿ ತಗಡಿನಿಂದ ಮಕ್ಕಳ ಕೈಲಿ ಗಾಳಿಗೆ ತಿರುಗುವ ಕುರಿಗಳನ್ನು ಮಾಡಿಸಿದನೆಂದು ದೇವದುರ್ಗದ ಲಾರಿ ಡ್ರೈವರನೊಬ್ಬ ಹೇಳಿದ. ಗಡಿಗೆಪ್ಪ ಅದನ್ನು ಎರಡು ಸಲ ಹೇಳಿಸಿ ಕೇಳಿದ.

ಬೂದೆಪ್ಪ ಮೂರು ತಿಂಗಳಿಗೆ ಎದ್ದು ಕಾಟಾದ ಹತ್ತಿರ ಕೂಡಲು ಶುರು ಮಾಡಿದ. ಎಡಗೈ ತಲೆಯವರೆಗೆ ಏಳುತ್ತಿರಲಿಲ್ಲ. ದುರುಗಮ್ಮ ಗಡಿಗೆಪ್ಪನನ್ನು ಕಂಡರೆ ಮಾತಾಡಿಸುತ್ತಿದ್ದಳು, ನಗುತ್ತಿರಲಿಲ್ಲ. ತೂರವ್ವ ಈಗ ಏನು ಮಾಡುತ್ತಿದ್ದಾಳೆಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ಯಾರಿಗೋ ಭಿಕ್ಷೆ ನೀಡುತ್ತಿದ್ದಾಳೆ ಅಂದುಕೊಂಡರು ಕೆಲವರು, ಕೇಳುತ್ತಿದ್ದಾಳೆ ಅಂದುಕೊಂಡರು ಇನ್ನು ಕೆಲವರು. ಭಾನುವಾರಗಳಲ್ಲಿ ಗಡಿಗೆಪ್ಪ ಏನು ಮಾಡಬೇಕೆಂದು ತಿಳಿಯದೆ, ಒಂದೆರಡು ತಿಂಗಳು ಬಾಗಿಲಲ್ಲಿ ಕೂತು ಎದ್ದು ಮಾಡಿದ. ಆಮೇಲೆ ನಿದ್ದೆ ಬರತೊಡಗಿತು.

ಒಂದು ಮಧ್ಯಾಹ್ನ ಗಂಜಿಗೆ ಏನೋ ಕೆಲಸಕ್ಕೆ ಹೋದವನನ್ನು ಬೂದೆಪ್ಪ ಕರೆದ. ವ್ಯಾಪಾರ ಮುಗಿದು ಎಲ್ಲರೂ ಅಲ್ಲಲ್ಲಿ ಒರಗಿದ್ದರು. ಇಬ್ಬರೂ ತೂರವ್ವನ ಕಟ್ಟೆಯ ನೆರಳಿಗೆ ಬಂದು ಕುಳಿತರು.

"ಯಪ್ಪಾ, ಒಂದು ಕೇಳಬೇಕಂತಿದ್ದೆ" ಎಂದ ಬೂದೆಪ್ಪ. "ಆರು ವರ್ಷ ಇದರ ಕೆಳಗ ಚೀಲ ಹೊತ್ತೀನಿ. ಅದು ತಿರಗೂದು ಹೆಂಗಿತ್ತು? ಒಳಗ ಮೋಟರ್ ಇತ್ತೇನು?"

"ಮೋಟರ್ ಎಲ್ಲಿಂದ ಬರಬೇಕೋ? ಗಾಳಿ" ಎಂದ ಗಡಿಗೆಪ್ಪ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಚಕ್ರ ಬರೆದ, ಸಲಾಕೆ ಬರೆದ. ಎಡತೋಳಿನ ಬೇರಿಂಗು ಯಾಕೆ ಮೊದಲು ಸವೆಯುತ್ತದೆ, ಪಡುವಣ ಗಾಳಿಗೂ ಮೂಡಣ ಗಾಳಿಗೂ ಏನು ವ್ಯತ್ಯಾಸ, ಹತ್ತಿಯ ಎಳೆಯನ್ನು ಸೀಮೆಎಣ್ಣೆಯಲ್ಲಿ ಹೇಗೆ ತೆಗೆಯಬೇಕು ಎಂದು ಒಂದೊಂದಾಗಿ ಹೇಳಿದ. ಬೂದೆಪ್ಪ ಮೊದಮೊದಲು ಹೂಂ ಹೂಂ ಎನ್ನುತ್ತಿದ್ದ. ಮೊರದ ಹಿಂದಿನ ತೂಕದ ವಿಷಯಕ್ಕೆ ಬರುವಷ್ಟರಲ್ಲಿ ಅವನ ತಲೆ ಎದೆಯ ಮೇಲೆ ಬಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಗಡಿಗೆಪ್ಪ ಮಾತು ನಿಲ್ಲಿಸಿದ. ಎಬ್ಬಿಸಲಿಲ್ಲ. ಕಡ್ಡಿಯನ್ನು ಪಕ್ಕಕ್ಕಿಟ್ಟು, ಕಟ್ಟೆಯ ಕಲ್ಲಿಗೆ ಬೆನ್ನು ಕೊಟ್ಟು, ತಾನೂ ಕಣ್ಣು ಮುಚ್ಚಿದ.